ಅರಸನಿಗೆ ಗಡುವಿಲ್ಲದ ಕಾಲ

ಇಂಗ್ಲೆಂಡಿನಲ್ಲಿ ಪ್ರಜೆಯ ದಾವೆಗೆ ಅವಧಿಯಿತ್ತು; ಅರಸನ ದಾವೆಗೆ ಇರಲಿಲ್ಲ. ರಾಜ್ಯಭಾರದ ಚಿಂತೆಯಲ್ಲಿ ಮುಳುಗಿದ ದೊರೆಗೆ ತನ್ನ ಭೂಮಿಕಾಣಿಯ ನೆನಪು ತಪ್ಪಬಹುದು, ಅದರಿಂದ ಅವನ ಹಕ್ಕು ಕೆಡಬಾರದು ಎಂಬುದು ಪಂಡಿತರ ಸಮರ್ಥನೆ. ಆದರೆ ದೊರೆ ಮರೆತದ್ದನ್ನು ನೆನಪಿಸಲು ಆಸ್ಥಾನದ ಸುತ್ತ ಜನಕ್ಕೆ ಬರವಿರಲಿಲ್ಲ. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಹಳೆಯ ಸನದುಗಳ ಲೋಪ ಹುಡುಕಿ, ಪರರ ಭೂಮಿಯನ್ನು ‘ಬಚ್ಚಿಟ್ಟ ರಾಜಭೂಮಿ’ ಎಂದು ಸಾರಿ ಲಾಭ ಹೊಡೆಯುವುದೇ ಕೆಲವರ ಕಸುಬಾಗಿತ್ತು. ಮೊದಲನೆಯ ಜೇಮ್ಸನ ಕಾಲದ ಕಾಯ್ದೆ 60 ವರ್ಷಗಳ ಎಲ್ಲೆ ಹಾಕಿತು, ನಿಜ. ಆದರೆ ಆ ಲೆಕ್ಕ ಅಂದಿನ ಪಾರ್ಲಿಮೆಂಟು ಕೂಡಿದ ದಿನದಿಂದ ಹಿಂದಕ್ಕೆ. ಕಾಲ ಸರಿದಂತೆ ಎಲ್ಲೆ ಸರಿಯಲಿಲ್ಲ.

ಮೂರನೆಯ ವಿಲಿಯಂ ದೊರೆ ತನ್ನ ನೆಚ್ಚಿನ ಬೆಂಟಿಂಕನಿಗೆ ಪೆನ್ರಿತ್ ಸೀಮೆಯನ್ನು ದಯಪಾಲಿಸಿದ್ದ. ಅದರೊಡನೆ ಇಂಗಲ್‌ವುಡ್ ಅರಣ್ಯವನ್ನೂ ಕಾರ್ಲೈಲ್ ಕೋಟೆಗೆ ಸೇರಿದ ಭೂಮಿಯನ್ನೂ ಆ ಮನೆತನ ಸುಮಾರು 70 ವರ್ಷ ಅನುಭವಿಸಿಕೊಂಡು ಬಂತು. ಸನದಿನಲ್ಲಿ ಮಾತ್ರ ಅವುಗಳ ಹೆಸರಿರಲಿಲ್ಲ. 1767ರಲ್ಲಿ ಸರ್ ಜೇಮ್ಸ್ ಲೌದರ್ ಅದನ್ನು ಎತ್ತಿ ತೋರಿಸಿ, ಗುತ್ತಿಗೆ ತನಗೆ ಬೇಕೆಂದು ಖಜಾನೆಗೆ ಅರ್ಜಿ ಹಾಕಿದ. ಇವನು ಆಗ ಆಳುತ್ತಿದ್ದ ರಾಜನಿಗೆ ಗುರುವಾಗಿದ್ದ ಬ್ಯೂಟ್ ಪ್ರಭುವಿನ ಅಳಿಯ. ಕಂಬರ್‌ಲ್ಯಾಂಡಿನ ಚುನಾವಣೆಯಲ್ಲಿ ಬೆಂಟಿಂಕನ ವಂಶದ ಪೋರ್ಟ್‌ಲ್ಯಾಂಡ್ ಡ್ಯೂಕನಿಗೆ ಎದುರಾಳಿ. ಡ್ಯೂಕನ ಕಡೆಯವರು ಹಳೆಯ ದಾಖಲೆ ಹುಡುಕುತ್ತಿರುವಾಗಲೇ ಗುತ್ತಿಗೆಗೆ ಮುದ್ರೆ ಬಿತ್ತು.

ಭೂಮಾಲೀಕರು ಬೆಚ್ಚಿದರು. ಡ್ಯೂಕನಿಗೇ ಹೀಗಾದರೆ ಉಳಿದವರ ಪಾಡೇನು? ಪಾರ್ಲಿಮೆಂಟಿನ ಸದಸ್ಯ ಸರ್ ಜಾರ್ಜ್ ಸ್ಯಾವಿಲ್ 1768ರಲ್ಲಿ ತಂದ ಮಸೂದೆ ಕೆಲವೇ ಮತಗಳ ಅಂತರದಲ್ಲಿ ಬಿದ್ದಿತು, ಮರುವರ್ಷ ಗೆದ್ದಿತು. 60 ವರ್ಷ ಮೀರಿ ಅನುಭವದಲ್ಲಿದ್ದ ಭೂಮಿಯ ಮೇಲೆ ಇನ್ನು ಅರಸನೂ ದಾವೆ ಹೂಡುವಂತಿಲ್ಲ. ಆದರೂ ಆಗಲೇ ಸನದು ಪಡೆದವರಿಗೆ ಒಂದು ವರ್ಷದ ಅವಕಾಶವನ್ನು ಉಳಿಸಿಕೊಟ್ಟರು. ಲೌದರ್ ಬಿಟ್ಟಾನೆಯೆ? ಆ ಸೀಮೆಯ ನೂರಾರು ಹಿಡುವಳಿದಾರರ ಮೇಲೆ ತೆರವಿನ ದಾವೆ ಹೂಡಿದ. ಇಬ್ಬರು ದೊಡ್ಡವರ ಜಗಳದಲ್ಲಿ ನೋಟೀಸು ಹೋದದ್ದು ಇವರ ಬಾಗಿಲಿಗೆ.

1771ರಲ್ಲಿ ವ್ಯಾಜ್ಯ ವಿಚಾರಣೆಗೆ ಬಂದಾಗ ಲೌದರ್ ಸೋತ, ಆದರೆ ಬೇರೆಯೇ ಕಾರಣಕ್ಕೆ. ಆ್ಯನ್ ರಾಣಿಯ ಕಾಲದ ಕಾನೂನಿನಂತೆ ರಾಜಬೊಕ್ಕಸಕ್ಕೆ ಸಲ್ಲಬೇಕಾದಷ್ಟು ಗೇಣಿ ಅವನ ಗುತ್ತಿಗೆಯಲ್ಲಿ ಇರಲಿಲ್ಲ. ತೀರ ಅಗ್ಗಕ್ಕೆ ಹೊಡೆದುಕೊಂಡದ್ದೇ ಕೊರಳಿಗೆ ಬಂದಿತ್ತು.

ಭಾರತದ 1908ರ ಕಾಲಮಿತಿ ಕಾಯ್ದೆಯಲ್ಲೂ ಸರಕಾರದ ದಾವೆಗೆ 60 ವರ್ಷಗಳ ಅವಧಿಯೇ ಇತ್ತು. 1963ರಲ್ಲಿ ಅದು 30ಕ್ಕೆ ಇಳಿಯಿತು. ಪ್ರಜೆ ಕೊಟ್ಟ ಕೈಸಾಲದ ದಾವೆಗೆ ಅದೇ ಕಾಯ್ದೆ ಇಟ್ಟಿರುವುದು 3 ವರ್ಷ.