ಮೇನ್ ರಾಜ್ಯದ ಊರಾಡಳಿತವಿಲ್ಲದ ಟೌನ್‌ಶಿಪ್‌ಗಳು

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ಸುಮಾರು ಅರ್ಧದಷ್ಟು ನೆಲಕ್ಕೆ ಸ್ಥಳೀಯ ಸರ್ಕಾರವೆಂಬುದು ಇಲ್ಲ. ಕಾನೂನಿನಲ್ಲಿ ಈ ಪ್ರದೇಶಕ್ಕೆ ‘ಅನ್‌ಆರ್ಗನೈಸ್ಡ್ ಟೆರಿಟರಿ’ ಎಂದು ಹೆಸರು. ನಾನೂರಕ್ಕೂ ಹೆಚ್ಚು ಟೌನ್‌ಶಿಪ್‌ಗಳೂ ಕರಾವಳಿಯ ಹಲವು ದ್ವೀಪಗಳೂ ಇದರಲ್ಲಿ ಸೇರಿವೆ. ವರ್ಷವಿಡೀ ಇಲ್ಲಿ ವಾಸಿಸುವವರು ಮಾತ್ರ ಸುಮಾರು 9,000. ನ್ಯೂ ಇಂಗ್ಲೆಂಡ್ ಸೀಮೆಗೆ ತನ್ನ ಊರಸಭೆಗಳ ಬಗ್ಗೆ ಬಲು ಹೆಮ್ಮೆ. ವರ್ಷಕ್ಕೊಮ್ಮೆ ಊರವರೆಲ್ಲ ಒಂದೆಡೆ ಕೂತು ರಸ್ತೆಗಿಷ್ಟು, ಶಾಲೆಗಿಷ್ಟು ಎಂದು ಕೈಯೆತ್ತಿ ತೀರ್ಮಾನಿಸುತ್ತಾರೆ. ಅದೇ ಸೀಮೆಯ ಈ ಭಾಗದಲ್ಲಿ ಅಂಥ ಸಭೆಯಿಲ್ಲ. ಎಷ್ಟೋ ಟೌನ್‌ಶಿಪ್‌ಗಳಲ್ಲಿ ಸಭೆಗೆ ಬರಲು ಜನರೂ ಇಲ್ಲ. ಎಲ್ಲೆಯುಂಟು, ಹೆಸರುಂಟು, ಒಕ್ಕಲಿಲ್ಲ. ನಮ್ಮ ಕಂದಾಯ ಕಡತಗಳ ಬೇಚರಾಕ್ ಗ್ರಾಮಗಳ ಹಾಗೆ.

ಹೆಸರೆಂದರೂ ಅದು ಸರ್ವೆಯವರು ಇಟ್ಟ ಹೆಸರು. ‘ಟಿ5 ಆರ್8 ಡಬ್ಲ್ಯುಇಎಲ್‌ಎಸ್’ ಎಂದರೆ ರಾಜ್ಯದ ಪೂರ್ವ ಗಡಿರೇಖೆಯಿಂದ ಪಶ್ಚಿಮಕ್ಕೆ ಎಂಟನೆಯ ಸಾಲಿನಲ್ಲಿರುವ ಐದನೆಯ ಟೌನ್‌ಶಿಪ್. ಒಂದೊಂದೂ ಆರು ಮೈಲಿ ಉದ್ದ, ಆರು ಮೈಲಿ ಅಗಲ, ಅಂದರೆ 23,040 ಎಕರೆ ಇರಬೇಕೆಂಬುದು ಲೆಕ್ಕ. ಕಾಡು, ಜೌಗು, ಬೆಟ್ಟಗಳ ನಡುವೆ ಎಳೆದ ಗೆರೆಗಳು ಎಲ್ಲ ಕಡೆಯೂ ಕೂಡಿಕೊಳ್ಳಲಿಲ್ಲ. ಹಾಗೆ ನಡುವೆ ಉಳಿದುಹೋದ ತುಂಡುಗಳಿಗೆ ‘ಗೋರ್’ ಎನ್ನುತ್ತಾರೆ. ಅವುಗಳಲ್ಲೊಂದಾದ ಹಿಬರ್ಟ್ಸ್ ಗೋರ್‌ನಲ್ಲಿ 2000 ಮತ್ತು 2010ರ ಜನಗಣತಿಗಳೆರಡರಲ್ಲೂ ಸಿಕ್ಕಿದ್ದು ಒಬ್ಬರೇ ಒಬ್ಬರು.

ಈ ಸ್ಥಿತಿಯ ಮೂಲ ಹದಿನೆಂಟನೆಯ ಶತಮಾನದ ಕೊನೆಯಲ್ಲಿದೆ. ಮೇನ್ ಆಗ ಮ್ಯಾಸಚೂಸೆಟ್ಸ್‌ನ ಭಾಗ. ಸ್ವಾತಂತ್ರ್ಯ ಯುದ್ಧದ ಸಾಲದಲ್ಲಿ ಮುಳುಗಿದ್ದ ಆ ರಾಜ್ಯ 1786ರಲ್ಲಿ ಕಾಡುಭೂಮಿಯನ್ನು ಲಾಟರಿಗೇ ಇಟ್ಟಿತು. 1793ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಬಿಂಗಮ್ ಒಬ್ಬನ ಕೈಗೇ ಸುಮಾರು 20 ಲಕ್ಷ ಎಕರೆ ಹೋಯಿತು. ಕೆಲವು ಟೌನ್‌ಶಿಪ್‌ಗಳ ಹೆಸರಿನ ಬಾಲದಲ್ಲಿ ಅವನ ಹೆಸರಿನ ಮೊದಲಕ್ಷರ ಇಂದಿಗೂ ಅಂಟಿಕೊಂಡಿದೆ. 1820ರಲ್ಲಿ ಮೇನ್ ಪ್ರತ್ಯೇಕ ರಾಜ್ಯವಾದಾಗ ಸರ್ಕಾರಿ ಭೂಮಿಯನ್ನು ಎರಡೂ ರಾಜ್ಯಗಳು ಹಂಚಿಕೊಂಡವು. ಒಕ್ಕಲುಗಳು ಬಂದಾವು, ಊರು ಕಟ್ಟಿಯಾವು ಎಂಬುದು ಎಲ್ಲರ ನಿರೀಕ್ಷೆ. ಬಂದದ್ದು ಮರದ ವ್ಯಾಪಾರಿಗಳು, ಅವರ ಬೆನ್ನಿಗೇ ಕಾಗದದ ಕಂಪನಿಗಳು.

ಮುಂದೆ ಹುಟ್ಟಲಿರುವ ಊರಿನ ಶಾಲೆಗೆ, ಚರ್ಚಿಗೆ ಆಗಲೆಂದು ಪ್ರತಿ ಟೌನ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಸಾವಿರ ಎಕರೆ ತೆಗೆದಿರಿಸುವ ಕ್ರಮವಿತ್ತು. 1850ರಿಂದ ರಾಜ್ಯ ಈ ಜಾಗಗಳ ಮರ ಮತ್ತು ಹುಲ್ಲಿನ ಹಕ್ಕನ್ನು ಮಾರತೊಡಗಿತು. ಷರತ್ತು ಒಂದೇ: ಆ ಟೌನ್‌ಶಿಪ್ ಊರಾಗುವ ತನಕ ಮಾತ್ರ. ಊರು ಆಗಲೇ ಇಲ್ಲ. ಕೊಂಡವರು ನೂರು ವರ್ಷಕ್ಕೂ ಮೇಲೆ ಕಡಿಯುತ್ತಲೇ ಹೋದರು, ಸಾರ್ವಜನಿಕರ ಪಾಲು ಎಲ್ಲಿದೆಯೆಂಬುದೇ ಜನರಿಗೆ ಮರೆತುಹೋಗಿತ್ತು. 1972ರಲ್ಲಿ ಬಾಬ್ ಕಮಿಂಗ್ಸ್ ಎಂಬ ಪತ್ರಕರ್ತ ಇದನ್ನು ಕೆದಕಿ ಬರೆದರು. ವಿಷಯ ಕೋರ್ಟಿನ ಮೆಟ್ಟಿಲೇರಿತು. ಅಂದು ಮಾರಿದ್ದು ಅಂದು ನಿಂತಿದ್ದ ಮರಗಳನ್ನು ಮಾತ್ರ, ಆಮೇಲೆ ಬೆಳೆದವನ್ನಲ್ಲ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ತೀರ್ಪಿತ್ತಿತು. ಸುಮಾರು 4 ಲಕ್ಷ ಎಕರೆ ಮರಳಿ ಸರ್ಕಾರದ ವಶಕ್ಕೆ ಬಂತು. ಊರು ಹುಟ್ಟದೇ ಇರುವುದರಲ್ಲೇ ಕೆಲವರಿಗೆ ಲಾಭವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಊರಿಲ್ಲದಿದ್ದರೂ ತೆರಿಗೆಯುಂಟು. ಆಸ್ತಿಯ ಬೆಲೆ ಕಟ್ಟುವುದು, ಬಿಲ್ ಕಳಿಸುವುದು ರಾಜಧಾನಿ ಆಗಸ್ಟಾದಲ್ಲಿರುವ ರಾಜ್ಯ ಕಂದಾಯ ಇಲಾಖೆಯ ಕೆಲಸ. ಇಡೀ ಪ್ರದೇಶವನ್ನು ಒಂದೇ ತೆರಿಗೆ ಜಿಲ್ಲೆಯಾಗಿ ಎಣಿಸಿ, ಅದರ ಖರ್ಚಿನ ಬಾಬ್ತನ್ನು ವರ್ಷವರ್ಷವೂ ಶಾಸನಸಭೆ ಕಾನೂನು ಮಾಡಿ ಒಪ್ಪುತ್ತದೆ. ರಾಜ್ಯದ ಸೇವೆಗಳ ಖರ್ಚು ಎಲ್ಲರಿಗೂ ಹಂಚಿಕೆಯಾದರೆ, ಕೌಂಟಿಯ ಖರ್ಚು ಆಯಾ ಕೌಂಟಿಯವರ ಮೇಲೆ ಬೀಳುತ್ತದೆ. ಹಾಗಾಗಿ ತೆರಿಗೆಯ ದರ ಕೌಂಟಿಯಿಂದ ಕೌಂಟಿಗೆ ಬೇರೆ. ಇಲ್ಲಿನ ದೊಡ್ಡ ಆಸ್ತಿ ಕಾಡೇ ಆದ್ದರಿಂದ 1972ರ ‘ಟ್ರೀ ಗ್ರೋತ್’ ಕಾಯ್ದೆಗೆ ಬಹಳ ಮಹತ್ವ. ಅದರಡಿ ನೋಂದಾಯಿಸಿದ ಕಾಡಿಗೆ ಮಾರುಕಟ್ಟೆ ದರವನ್ನು ನೋಡದೆ, ಆ ನೆಲ ಎಷ್ಟು ಮರ ಬೆಳೆಸಬಲ್ಲದು ಎಂಬುದರ ಮೇಲೆ ಬೆಲೆ ಕಟ್ಟುತ್ತಾರೆ.

ಸೇವೆಗಳು ಒಬ್ಬರ ಕೈಯಲ್ಲಿಲ್ಲ. ಕಾಡಿಗೆ ಬೆಂಕಿ ಬಿದ್ದರೆ ರಾಜ್ಯದ ಅರಣ್ಯ ಸೇವೆ ಬರುತ್ತದೆ. ಮನೆಗೆ ಬಿದ್ದರೆ, ಕೌಂಟಿ ಕರಾರು ಮಾಡಿಕೊಂಡಿರುವ ಪಕ್ಕದ ಊರಿನ ಅಗ್ನಿಶಾಮಕ ವಾಹನ ಎಷ್ಟೋ ಮೈಲಿ ದೂರದಿಂದ ಬರಬೇಕು. ಆಂಬುಲೆನ್ಸ್, ಕಸ ವಿಲೇವಾರಿ, ಚಳಿಗಾಲದಲ್ಲಿ ರಸ್ತೆಯ ಹಿಮ ತೆಗೆಯುವುದು ಹೆಚ್ಚಾಗಿ ಇಂಥ ಕರಾರಿನ ಮೇಲೆಯೇ ನಡೆಯುತ್ತವೆ. ಎಡ್ಮಂಡ್ಸ್‌ನಂಥ ಕಡೆ ರಾಜ್ಯದ ಶಿಕ್ಷಣ ಇಲಾಖೆಯೇ ಶಾಲೆ ನಡೆಸಿದೆ; ಉಳಿದ ಮಕ್ಕಳು ಹತ್ತಿರದ ಊರಿನ ಶಾಲೆಗೆ ಹೋಗುತ್ತಾರೆ, ಫೀಸನ್ನು ಇಲಾಖೆ ಕಟ್ಟುತ್ತದೆ. ಮನೆ ಕಟ್ಟಲು, ನೆಲವನ್ನು ಸೈಟುಗಳಾಗಿ ಒಡೆಯಲು ಅನುಮತಿ ಕೊಡುವುದಕ್ಕೆ 1969ರಲ್ಲಿ ಭೂಬಳಕೆ ನಿಯಂತ್ರಣ ಆಯೋಗ ಬಂತು. ಊರಿನ ತೀರ್ಮಾನ ದೂರದ ಆಗಸ್ಟಾದಲ್ಲಿ ಆಗುತ್ತದೆಂಬ ಸಿಟ್ಟು ಅದರ ಮೇಲೆ ಬಹುಕಾಲ ಇತ್ತು. 2012ರಲ್ಲಿ ಆಯೋಗದ ಹೆಸರು ಬದಲಾಯಿತು. ಒಂಬತ್ತು ಸದಸ್ಯರಲ್ಲಿ ಎಂಟು ಮಂದಿಯ ಹೆಸರು ಸೂಚಿಸುವ ಅಧಿಕಾರ, ಇಂಥ ನೆಲ ಹೆಚ್ಚಿರುವ ಕೌಂಟಿಗಳಿಗೆ ಸಿಕ್ಕಿತು.

ವಿಚಿತ್ರವೆಂದರೆ, ಇದ್ದ ಊರುಗಳೇ ಈಚೆಗೆ ಈ ಗುಂಪಿಗೆ ಬಂದು ಸೇರುತ್ತಿವೆ. ಕಾಗದದ ಗಿರಣಿಗಳು ಮುಚ್ಚಿ, ಹರೆಯದವರು ಕೆಲಸ ಹುಡುಕಿ ಹೊರಟುಹೋದ ಮೇಲೆ, ಉಳಿದ ಕೆಲವೇ ಮನೆಗಳ ಮೇಲೆ ಶಾಲೆಯ ಖರ್ಚೂ ರಸ್ತೆಯ ಖರ್ಚೂ ಬೀಳುತ್ತದೆ. ಊರ ಕಚೇರಿಯ ಹುದ್ದೆಗಳಿಗೆ ನಿಲ್ಲುವವರೂ ಸಿಗುವುದಿಲ್ಲ. ಊರನ್ನು ವಿಸರ್ಜಿಸಿದರೆ ತೆರಿಗೆ ಇಳಿಯುವುದುಂಟು. ಅದಕ್ಕೆ ಮತದಾರರ ಅರ್ಜಿ, ಶಾಸನಸಭೆಯ ಒಪ್ಪಿಗೆ, ಆಮೇಲೆ ಮತ್ತೆ ಊರವರ ಮತದಾನ ಆಗಬೇಕು. ಬ್ಯಾಂಕ್ರಾಫ್ಟ್ 2015ರಲ್ಲಿ, ಆಕ್ಸ್‌ಬೋ 2017ರಲ್ಲಿ, ಕೇರಿ ಮತ್ತು ಆಟ್ಕಿನ್ಸನ್ 2019ರಲ್ಲಿ ಈ ದಾರಿ ಹಿಡಿದವು. ಊರು ಹೋದರೂ ಊರಿನ ಹಳೆಯ ಸಾಲ ಹೋಗುವುದಿಲ್ಲ. ಅದು ತೀರುವವರೆಗೂ ಅಲ್ಲಿನ ಆಸ್ತಿದಾರರೇ ಕಟ್ಟಬೇಕು.