ಬಾಡಿಗೆ ನೆರವಿನ ಪ್ರಯೋಗಗಳು: ಅಮೆರಿಕದ ವಸತಿ ಸಂಶೋಧನೆ ಮತ್ತು ಸರ್ಕಾರಿ ಹಣ

ಬಡವರಿಗೆ ಸರ್ಕಾರವೇ ಮನೆ ಕಟ್ಟಿಸಿಕೊಡಬೇಕೇ, ಬಾಡಿಗೆಯ ಹಣ ಕೊಟ್ಟು ಮನೆ ಹುಡುಕುವ ಕೆಲಸವನ್ನು ಅವರಿಗೇ ಬಿಡಬೇಕೇ ಎಂಬ ವಾದ ಅಮೆರಿಕದಲ್ಲಿ 1930ರ ದಶಕದಿಂದಲೂ ಇತ್ತು. ನೆರವು ಬಂದ ಕೂಡಲೇ ಮಾಲೀಕರು ಬಾಡಿಗೆ ಏರಿಸಿ ಅದನ್ನು ತಮ್ಮ ಜೇಬಿಗೆ ಇಳಿಸಿಕೊಳ್ಳುತ್ತಾರೆ ಎಂಬುದು ಎರಡನೆಯ ದಾರಿಗಿದ್ದ ದೊಡ್ಡ ಆಕ್ಷೇಪ. 1968ರಲ್ಲಿ, ನಗರ ವಸತಿಯ ಕುರಿತು ನೇಮಕವಾಗಿದ್ದ ಕೈಸರ್ ಸಮಿತಿ ಇದನ್ನು ಪ್ರಯೋಗ ಮಾಡಿಯೇ ನೋಡಬೇಕೆಂದು ಸೂಚಿಸಿತು. 1970ರ ವಸತಿ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿತು.

ಹೀಗೆ ಹುಟ್ಟಿದ ವಸತಿ ಭತ್ಯೆ ಪ್ರಯೋಗಕ್ಕೆ ಕೇಂದ್ರ ವಸತಿ ಇಲಾಖೆ ಸುಮಾರು ಒಂದು ದಶಕದಲ್ಲಿ 15 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಇದು ವಿದ್ವಾಂಸರು ತಾವೇ ವಿಷಯ ಆರಿಸಿಕೊಂಡು ಪಡೆಯುವ ಅನುದಾನದಂತಿರಲಿಲ್ಲ. ಪ್ರಶ್ನೆ ಇಲಾಖೆಯದು, ಉತ್ತರ ಹುಡುಕುವ ಕರಾರು ಸಂಶೋಧನಾ ಸಂಸ್ಥೆಗಳದು. ಪಿಟ್ಸ್‌ಬರ್ಗ್ ಮತ್ತು ಫೀನಿಕ್ಸ್ ಪ್ರದೇಶಗಳಲ್ಲಿ ಕುಟುಂಬಗಳು ಹಣವನ್ನು ಹೇಗೆ ಬಳಸುತ್ತವೆಂದು ಆಬ್ಟ್ ಅಸೋಸಿಯೇಟ್ಸ್ ಗಮನಿಸಿತು. ಗ್ರೀನ್ ಬೇ ಮತ್ತು ಸೌತ್ ಬೆಂಡ್ ಸುತ್ತಿನ ಎರಡು ಕೌಂಟಿಗಳಲ್ಲಿ ರ‍್ಯಾಂಡ್ ಸಂಸ್ಥೆ ಅರ್ಹರೆಲ್ಲರಿಗೂ ಭತ್ಯೆ ತೆರೆದಿಟ್ಟು, ಇಡೀ ಬಾಡಿಗೆ ಮಾರುಕಟ್ಟೆ ಏನಾಗುತ್ತದೆಂದು ಅಳೆಯಿತು. ಆಡಳಿತದ ಪರೀಕ್ಷೆ ಬೇರೆ ಎಂಟು ಕಡೆ ನಡೆಯಿತು.

ಬಾಡಿಗೆ ಏರುತ್ತದೆಂಬ ಭಯ ಬಹುಮಟ್ಟಿಗೆ ಸುಳ್ಳಾಯಿತು. ಭತ್ಯೆ ಸಿಗಬೇಕಾದರೆ ಮನೆ ಕನಿಷ್ಠ ಗುಣಮಟ್ಟದ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಆದರೆ ಅನೇಕ ಕಡೆ ಕಂಡ ಕೊರತೆ ಮೆಟ್ಟಿಲಿಗೆ ಆಸರೆ ಕಂಬಿ ಇಲ್ಲದಿರುವಂಥದ್ದು. ಅಲ್ಪ ಖರ್ಚಿನಲ್ಲಿ ಮುಗಿಯುವ ರಿಪೇರಿ. ಭತ್ಯೆಯ ಬಹುಪಾಲು ಹೊಸ ಮನೆಗೆ ಹೋಗದೆ, ಆ ತನಕ ಬಾಡಿಗೆ ನುಂಗುತ್ತಿದ್ದ ಸಂಬಳವನ್ನು ಬಿಡುಗಡೆ ಮಾಡಿತು. ವಸತಿ ಸುಧಾರಣೆಯನ್ನೇ ಗುರಿಯಾಗಿಸಿಕೊಂಡವರಿಗೆ ಇದು ನಿರಾಶೆ ತಂದಿರಬಹುದು, ಆ ಕುಟುಂಬಗಳಿಗಂತೂ ಅಲ್ಲ.

ರಾಜಕೀಯ ಮಾತ್ರ ವರದಿಗಾಗಿ ಕಾಯಲಿಲ್ಲ. 1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ಹೊಸ ವಸತಿ ಸಬ್ಸಿಡಿಗಳನ್ನು ತಡೆಹಿಡಿಯಿತು. 1974ರಲ್ಲಿ ಸೆಕ್ಷನ್ 8 ಎಂಬ ಬಾಡಿಗೆ ನೆರವು ಕಾನೂನಾಯಿತು. ಮುಖ್ಯ ಫಲಿತಾಂಶಗಳು ಬರುವಷ್ಟರಲ್ಲಿ ಅವು ಸಮರ್ಥಿಸಬೇಕಾದ ಯೋಜನೆ ಆಗಲೇ ಓಡುತ್ತಿತ್ತು. ಆದರೂ ಹಣ ವ್ಯರ್ಥವಾಗಲಿಲ್ಲ: 1980ರ ದಶಕದಲ್ಲಿ ಬಾಡಿಗೆ ನೆರವಿನ ವೋಚರುಗಳ ಪರ ವಾದಿಸಿದವರಿಗೆ ಈ ಅಂಕಿಅಂಶಗಳೇ ಆಧಾರವಾದವು.

ಮುಂದಿನ ದೊಡ್ಡ ಪ್ರಯೋಗಕ್ಕೆ ತಾಳ್ಮೆ ಇನ್ನೂ ಹೆಚ್ಚು ಬೇಕಾಯಿತು. 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲಿಸ್, ನ್ಯೂಯಾರ್ಕ್‌ಗಳ 4,604 ಕುಟುಂಬಗಳನ್ನು ಚೀಟಿ ಎತ್ತಿ ಗುಂಪು ಮಾಡಿ, ಒಂದು ಗುಂಪಿಗೆ ಬಡತನ ಕಡಿಮೆ ಇರುವ ಬಡಾವಣೆಯಲ್ಲಷ್ಟೇ ಬಳಸಬಹುದಾದ ವೋಚರ್ ಕೊಡಲಾಯಿತು. ವಯಸ್ಕರ ಮಾನಸಿಕ ಆರೋಗ್ಯ ಸುಧಾರಿಸಿತು, ಸಂಪಾದನೆ ಹೆಚ್ಚಲಿಲ್ಲ. ಯೋಜನೆ ಸೋತಿತೆಂದೇ ಅನೇಕರು ಬರೆದರು. 2015ರಲ್ಲಿ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್ ಮತ್ತು ಲಾರೆನ್ಸ್ ಕಾಟ್ಜ್ ತೆರಿಗೆ ದಾಖಲೆಗಳನ್ನು ಜೋಡಿಸಿ ನೋಡಿದಾಗ, 13 ವರ್ಷಕ್ಕೆ ಮುಂಚೆ ಈ ವೋಚರಿನಿಂದ ಜಾಗ ಬದಲಿಸಿದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಸುಮಾರು ಶೇ. 31ರಷ್ಟು ಹೆಚ್ಚು ದುಡಿಯುತ್ತಿದ್ದರು. ಹದಿಹರೆಯದಲ್ಲಿ ಹೋದವರಿಗೆ ಆ ಲಾಭ ಸಿಕ್ಕಿರಲಿಲ್ಲ.