ಬೆಕ್ಕಿನ ಲ್ಯುಕೇಮಿಯಾ ವೈರಸ್: ಪರೀಕ್ಷೆ ಮತ್ತು ಆರೈಕೆಯ ಇತಿಹಾಸ

ಬೆಕ್ಕಿನ ಲ್ಯುಕೇಮಿಯಾ ವೈರಸ್, ಚಿಕ್ಕದಾಗಿ ಫೆಲ್‌ವಿ, ಸಾಕುಬೆಕ್ಕುಗಳಲ್ಲಿ ರಕ್ತಹೀನತೆ, ರೋಗನಿರೋಧಕ ಶಕ್ತಿಯ ಕುಸಿತ, ಲಿಂಫೋಮಾ ಮತ್ತು ರಕ್ತದ ಕ್ಯಾನ್ಸರ್ ತರುವ ರೆಟ್ರೊವೈರಸ್. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಇದು ಪತ್ತೆಯಾಯಿತು. 1973ರಲ್ಲಿ ಇದಕ್ಕೆ ಮೊದಲ ಪರೀಕ್ಷೆ ಬಂತು, 1985ರಲ್ಲಿ ಮೊದಲ ಲಸಿಕೆ. ಸೋಂಕನ್ನು ಪೂರ್ತಿ ತೊಲಗಿಸುವ ಔಷಧ ಇಂದಿಗೂ ಇಲ್ಲ. ಆದರೂ ಸೋಂಕು ತಗುಲಿದ ಬೆಕ್ಕಿನ ಬದುಕು ಈ ಆರು ದಶಕಗಳಲ್ಲಿ ಬಹಳ ಬದಲಾಗಿದೆ. ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬಂದ ಬೆಕ್ಕನ್ನು ಕೊಲ್ಲುವುದೇ ಒಂದು ಕಾಲದಲ್ಲಿ ರೂಢಿಯಾಗಿತ್ತು. ಪರೀಕ್ಷೆಗಳು ಸೂಕ್ಷ್ಮವಾದಂತೆ ಅದೇ ಫಲಿತಾಂಶದಿಂದ ಆರೈಕೆ ಶುರುವಾಗತೊಡಗಿತು.

ವೈರಸ್‌ನ ಸ್ವಭಾವ

ಫೆಲ್‌ವಿ ಮುಖ್ಯವಾಗಿ ಜೊಲ್ಲಿನಿಂದ ಹರಡುತ್ತದೆ. ಬೆಕ್ಕುಗಳು ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲಲ್ಲಿ ಉಣ್ಣುವುದು, ಕಚ್ಚುವುದು ಇದಕ್ಕೆ ದಾರಿ. ತಾಯಿಯ ಗರ್ಭದಲ್ಲಿ ಮತ್ತು ಹಾಲಿನ ಮೂಲಕ ಮರಿಗಳಿಗೂ ಬರುತ್ತದೆ. ಒಟ್ಟಿಗೆ ಸ್ನೇಹದಿಂದ ಬಾಳುವ ಬೆಕ್ಕುಗಳಲ್ಲೇ ಇದು ಹೆಚ್ಚು. ಜಗಳಗಂಟ ಗಂಡುಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಎಫ್‌ಐವಿ, ಅಂದರೆ ಬೆಕ್ಕಿನ ಇಮ್ಯುನೊಡಿಫಿಷಿಯೆನ್ಸಿ ವೈರಸ್, ಮುಖ್ಯವಾಗಿ ಕಚ್ಚಿದ ಗಾಯದಿಂದ ಹರಡುವ ಬೇರೆಯೇ ಸೋಂಕು. ಎಳೆಯ ಮರಿಗಳಿಗೆ ಫೆಲ್‌ವಿ ಸುಲಭವಾಗಿ ಅಂಟುತ್ತದೆ, ವಯಸ್ಸಾದಂತೆ ಬೆಕ್ಕಿನ ಪ್ರತಿರೋಧ ಹೆಚ್ಚುತ್ತದೆ.

ದೇಹದ ಹೊರಗೆ ಈ ವೈರಸ್ ಬಹು ದುರ್ಬಲ. ಒಣಗಿದ ನೆಲದ ಮೇಲೆ ಬೇಗ ಸಾಯುತ್ತದೆ, ಸಾಮಾನ್ಯ ಸೋಪಿನ ನೀರಿಗೂ ಉಳಿಯುವುದಿಲ್ಲ. ಮನುಷ್ಯರಿಗೆ ಇದು ಅಂಟಿದ ಪುರಾವೆಯಿಲ್ಲ. ಒಳಹೊಕ್ಕ ಮೇಲೆ ಮಾತ್ರ ಇದರ ಆಟ ಬೇರೆ: ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬರೆದು ಬೆಕ್ಕಿನ ಜೀವಕೋಶದ ವರ್ಣತಂತುವಿಗೇ ಸೇರಿಸಿಬಿಡುತ್ತದೆ. ಹೀಗೆ ಸೇರಿದ ಪ್ರತಿಯನ್ನು ಪ್ರೊವೈರಸ್ ಎನ್ನುತ್ತಾರೆ. ಅದು ಅಸ್ಥಿಮಜ್ಜೆಯಲ್ಲಿ ನೆಲೆಯೂರಿದರೆ ಹುಟ್ಟುವ ರಕ್ತಕಣಗಳಲ್ಲೆಲ್ಲ ವೈರಸ್ ಇರುತ್ತದೆ.

ಗ್ಲಾಸ್ಗೊದ ಪತ್ತೆ

ಕೋಳಿಯ ಗಂತಿಯನ್ನು ವೈರಸ್ ತರಬಲ್ಲದೆಂದು ಪೇಟನ್ ರೌಸ್ 1911ರಲ್ಲೇ ತೋರಿಸಿದ್ದರು. 1951ರಲ್ಲಿ ಲುಡ್ವಿಕ್ ಗ್ರಾಸ್ ಇಲಿಗಳ ಲ್ಯುಕೇಮಿಯಾ ವೈರಸ್ ಕಂಡುಹಿಡಿದರು. ಆದರೆ ಮನೆಯಲ್ಲಿ ಸಹಜವಾಗಿ ಬದುಕುವ ಪ್ರಾಣಿಗಳಲ್ಲಿ ಕ್ಯಾನ್ಸರ್ ಅಂಟುರೋಗವಾಗಬಲ್ಲದು ಎಂಬುದನ್ನು ನಂಬುವವರು ಆಗ ಕಡಿಮೆಯಿದ್ದರು. ಗ್ಲಾಸ್ಗೊ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ವಿಲಿಯಂ ಜ್ಯಾರೆಟ್ ಅವರ ಗಮನ ಸೆಳೆದದ್ದು ಒಂದೇ ಮನೆಯ ಹಲವು ಬೆಕ್ಕುಗಳಿಗೆ ಲಿಂಫೋಸಾರ್ಕೋಮಾ ಬಂದ ಸಂಗತಿ. ರೋಗಪೀಡಿತ ಬೆಕ್ಕುಗಳ ಅಂಗಾಂಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟಾಗ ಜೀವಕೋಶದ ಪೊರೆಯಿಂದ ಮೊಳಕೆಯೊಡೆಯುತ್ತಿರುವ ವೈರಸ್ ಕಣಗಳು ಕಂಡವು. 1964ರಲ್ಲಿ ಜ್ಯಾರೆಟ್ ತಂಡದ ವರದಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಲಿಯಂ ಅವರ ತಮ್ಮ ಆಸ್ವಾಲ್ಡ್ ಜ್ಯಾರೆಟ್ ಮುಂದೆ ವೈರಸ್‌ನ ಉಪಗುಂಪುಗಳ ಮೇಲೆ, ಲಸಿಕೆಯ ಮೇಲೆ ದಶಕಗಳ ಕಾಲ ದುಡಿದರು.

1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು ಪತ್ತೆಮಾಡಿದಾಗ ಇಂಥ ವೈರಸ್‌ಗಳು ಜೀವಕೋಶದೊಳಗೆ ಹೇಗೆ ನೆಲೆಸುತ್ತವೆ ಎಂಬುದು ತಿಳಿಯಿತು. ಇದಕ್ಕಾಗಿ ಅವರಿಗೆ 1975ರ ನೊಬೆಲ್ ಬಂತು. ಹಾರ್ವರ್ಡ್‌ನ ಮ್ಯಾಕ್ಸ್ ಎಸೆಕ್ಸ್ ಮುಂತಾದವರು ಫೆಲ್‌ವಿ ಕ್ಯಾನ್ಸರ್ ತರುವುದಷ್ಟೇ ಅಲ್ಲ, ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂದು ತೋರಿಸಿದರು. 1980ರ ದಶಕದ ಆರಂಭದಲ್ಲಿ ಏಡ್ಸ್ ಕಾಣಿಸಿಕೊಂಡಾಗ ಅದರ ಹಿಂದೆಯೂ ರೆಟ್ರೊವೈರಸ್ ಇರಬಹುದೆಂಬ ಊಹೆಗೆ ಬೆಕ್ಕುಗಳಿಂದ ಕಲಿತ ಈ ಪಾಠ ಬಲ ಕೊಟ್ಟಿತು. ಮನುಷ್ಯರ ವೈದ್ಯಕ್ಕೆ ಬೆಕ್ಕುಗಳು ಕೊಟ್ಟ ಈ ಕೊಡುಗೆ ಸಣ್ಣದಲ್ಲ.

ಪರೀಕ್ಷೆ, ಪ್ರತ್ಯೇಕಿಸುವಿಕೆ, ಕೊಲ್ಲುವಿಕೆ

1973ರಲ್ಲಿ ನ್ಯೂಯಾರ್ಕಿನ ವಿಲಿಯಂ ಹಾರ್ಡಿ ಮತ್ತು ಸಂಗಡಿಗರು ಫೆಲ್‌ವಿ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆಂದು ಸಾಬೀತು ಮಾಡಿದರು. ಅವರು ಬಳಸಿದ್ದು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ, ಚಿಕ್ಕದಾಗಿ ಐಎಫ್‌ಎ. ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತಕ್ಕೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿ ನೋಡಿದರೆ ವೈರಸ್ ಹೊತ್ತ ಬಿಳಿ ರಕ್ತಕಣಗಳು ಮತ್ತು ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಸೂಕ್ಷ್ಮದರ್ಶಕದಲ್ಲಿ ಬೆಳಗುತ್ತವೆ.

ಇದರ ಬೆನ್ನಿಗೇ ‘ಪರೀಕ್ಷಿಸು, ಹೊರಗಿಡು’ ಎಂಬ ಕಾರ್ಯಕ್ರಮ ಬಂತು. ಹಲವು ಬೆಕ್ಕುಗಳಿರುವ ಮನೆ, ತಳಿಶಾಲೆಗಳಲ್ಲಿ ಎಲ್ಲ ಬೆಕ್ಕುಗಳನ್ನೂ ಪರೀಕ್ಷಿಸಿ ಸೋಂಕಿತವನ್ನು ತೆಗೆಯುವುದು, ಉಳಿದವನ್ನು ಮತ್ತೆ ಪರೀಕ್ಷಿಸುವುದು ಇದರ ಕ್ರಮ. ತಳಿಶಾಲೆಗಳಲ್ಲಿ ಸೋಂಕು ಗಣನೀಯವಾಗಿ ತಗ್ಗಿತು. ಆದರೆ ‘ತೆಗೆಯುವುದು’ ಎಂದರೆ ಬಹಳ ಸಲ ಇಂಜೆಕ್ಷನ್ ಕೊಟ್ಟು ಸಾಯಿಸುವುದೇ ಆಗಿತ್ತು. ಪ್ರಯೋಗಾಲಯದಲ್ಲಿ ಈ ವೈರಸ್ ಮನುಷ್ಯರ ಜೀವಕೋಶಗಳಲ್ಲೂ ಬೆಳೆಯುತ್ತದೆಂದು 1969ರಲ್ಲಿ ಕಂಡುಬಂದಿದ್ದರಿಂದ ಜನರಲ್ಲಿ ಭಯವೂ ಇತ್ತು. ಆರೋಗ್ಯವಾಗಿಯೇ ಓಡಾಡುತ್ತಿದ್ದ ಎಷ್ಟೋ ಬೆಕ್ಕುಗಳು ಒಂದೇ ಒಂದು ಫಲಿತಾಂಶಕ್ಕೆ ಬಲಿಯಾದವು.

ಎಲಿಸಾದಿಂದ ಪಿಸಿಆರ್‌ವರೆಗೆ

1970ರ ದಶಕದ ಕೊನೆಯಿಂದ ಎಲಿಸಾ ವಿಧಾನ ಬೆಳೆಯಿತು. ಇದು ರಕ್ತದಲ್ಲಿ ಕರಗಿರುವ ವೈರಸ್‌ನ ಪಿ27 ಎಂಬ ಪ್ರೋಟೀನನ್ನು ಹುಡುಕುತ್ತದೆ. 1980ರ ದಶಕದಲ್ಲಿ ಇದು ಕಿಟ್ ರೂಪದಲ್ಲಿ ದವಾಖಾನೆಗಳಿಗೇ ಬಂತು. ಕೆಲವು ಹನಿ ರಕ್ತವನ್ನು ದ್ರಾವಣದೊಂದಿಗೆ ಕಿಟ್‌ಗೆ ಹಾಕಿ ಸುಮಾರು ಹತ್ತು ನಿಮಿಷ ಕಾದರೆ ಗೆರೆಯೋ ಚುಕ್ಕೆಯೋ ಮೂಡುತ್ತದೆ. ನಿಯಂತ್ರಣ ಗೆರೆ ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. ಜೊಲ್ಲು, ಕಣ್ಣೀರಿನಲ್ಲೂ ಪರೀಕ್ಷೆ ಯತ್ನಿಸಿದ್ದುಂಟು, ಆದರೆ ರಕ್ತದಷ್ಟು ನಂಬಿಕೆಗೆ ಅರ್ಹವಲ್ಲ.

ಈ ಪರೀಕ್ಷೆ ಹುಡುಕುವುದು ವೈರಸ್‌ನ ಭಾಗವನ್ನೇ ಹೊರತು ಪ್ರತಿಕಾಯವನ್ನಲ್ಲ. ಆದ್ದರಿಂದ ತಾಯಿಯಿಂದ ಬಂದ ಪ್ರತಿಕಾಯವಾಗಲಿ, ಹಿಂದೆ ಹಾಕಿಸಿದ ಫೆಲ್‌ವಿ ಲಸಿಕೆಯಾಗಲಿ ಫಲಿತಾಂಶವನ್ನು ಕೆಡಿಸುವುದಿಲ್ಲ. ಯಾವ ವಯಸ್ಸಿನ ಮರಿಯನ್ನಾದರೂ ಪರೀಕ್ಷಿಸಬಹುದು. ಎಫ್‌ಐವಿ ಪರೀಕ್ಷೆ ಹಾಗಲ್ಲ. ಅದು ಪ್ರತಿಕಾಯ ನೋಡುವುದರಿಂದ ಆರು ತಿಂಗಳೊಳಗಿನ ಮರಿಯಲ್ಲಿ ‘ಪಾಸಿಟಿವ್’ ಬಂದರೆ ಅದು ತಾಯಿಯದ್ದೂ ಆಗಿರಬಹುದು. ಇನ್ನು ಫೆಲ್‌ವಿ ಸೋಂಕು ತಗುಲಿದ ಹೊಸದರಲ್ಲಿ ರಕ್ತದಲ್ಲಿ ಪಿ27 ಇರುವುದಿಲ್ಲ. ಹೆಚ್ಚಿನ ಬೆಕ್ಕುಗಳಲ್ಲಿ ಅದು 30 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಸೋಂಕಿತ ಬೆಕ್ಕಿನ ಜೊತೆ ಇದ್ದ ಮರಿ ಇಂದು ‘ನೆಗೆಟಿವ್’ ಆದರೂ ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ದೊಡ್ಡ ತಿರುವು ಬಂದದ್ದು ಪಿಸಿಆರ್‌ನಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ಹಾನ್ಸ್ ಲುಟ್ಜ್, ರೆಜಿನಾ ಹಾಫ್‌ಮನ್-ಲೇಮನ್ ಮುಂತಾದವರು ಪ್ರೊವೈರಸ್ಸನ್ನೇ ಅಳೆಯುವ ಪಿಸಿಆರ್ ರೂಪಿಸಿದರು. ಪಿ27 ಇಲ್ಲದ, ‘ವಾಸಿಯಾಗಿದೆ’ ಎಂದುಕೊಂಡಿದ್ದ ಬೆಕ್ಕುಗಳಲ್ಲೂ ಪ್ರೊವೈರಸ್ ಸುಪ್ತವಾಗಿರುವುದು ಆಗ ಗೊತ್ತಾಯಿತು. ಇಂದು ಸೋಂಕನ್ನು ಮುಖ್ಯವಾಗಿ ಮೂರು ಬಗೆಯಾಗಿ ಎಣಿಸುತ್ತಾರೆ. ದೇಹ ವೈರಸ್ಸನ್ನು ಆರಂಭದಲ್ಲೇ ಹೊಡೆದೋಡಿಸಿ ಪ್ರತಿಕಾಯ ಮಾತ್ರ ಉಳಿದರೆ ಅದು ಅಬಾರ್ಟಿವ್. ಪ್ರೊವೈರಸ್ ಇದ್ದೂ ವೈರಸ್ ಹೊರಬೀಳದಂತೆ ದೇಹ ತಡೆಹಿಡಿದರೆ ರಿಗ್ರೆಸಿವ್. ರಕ್ತದಲ್ಲಿ ವೈರಸ್ ಸದಾ ಹರಿಯುತ್ತಿದ್ದರೆ ಪ್ರೊಗ್ರೆಸಿವ್. ಈ ಕೊನೆಯ ಗುಂಪಿನ ಹೆಚ್ಚಿನ ಬೆಕ್ಕುಗಳು ಕೆಲವೇ ವರ್ಷಗಳಲ್ಲಿ ಸಾಯುತ್ತವೆ. ರಿಗ್ರೆಸಿವ್ ಬೆಕ್ಕು ಸಾಮಾನ್ಯವಾಗಿ ರೋಗ ಹರಡದೆ ಬಹುಕಾಲ ಬಾಳುತ್ತದೆ. ಆದರೆ ಅದರ ರಕ್ತವನ್ನು ಬೇರೆ ಬೆಕ್ಕಿಗೆ ಕೊಟ್ಟರೆ ಸೋಂಕು ದಾಟಬಹುದು. ರಕ್ತದಾನಿ ಬೆಕ್ಕಿಗೆ ಪಿಸಿಆರ್ ಬೇಕೆನ್ನುವುದು ಇದಕ್ಕೇ.

ಅಮೆರಿಕದ ಬೆಕ್ಕುವೈದ್ಯರ ಸಂಘದ 2020ರ ಮಾರ್ಗಸೂಚಿ, ರೆಟ್ರೊವೈರಸ್ ಫಲಿತಾಂಶವೊಂದನ್ನೇ ಕಾರಣವಾಗಿಟ್ಟು ಬೆಕ್ಕನ್ನು ಕೊಲ್ಲಬಾರದೆಂದು ಹೇಳುತ್ತದೆ. 

ಲಸಿಕೆ

1985ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ‘ಲ್ಯೂಕೊಸೆಲ್’ ಮೊದಲ ಲಸಿಕೆ. ಮುಂದೆ ಜೀನ್ ತಂತ್ರಜ್ಞಾನದ ಲಸಿಕೆಗಳೂ ಬಂದವು. 1991ರಲ್ಲಿ ಪೆನ್ಸಿಲ್ವೇನಿಯಾದ ರೋಗಶಾಸ್ತ್ರಜ್ಞರು ಇಂಜೆಕ್ಷನ್ ಹಾಕಿದ ಜಾಗದಲ್ಲಿ ಗಂತಿಯಾಗುವ ಅಪರೂಪದ ಪ್ರಕರಣಗಳನ್ನು ವರದಿ ಮಾಡಿದರು. ಅಂದಿನಿಂದ ಅಪಾಯವಿರುವ ಬೆಕ್ಕಿಗೆ ಮಾತ್ರ, ಪರೀಕ್ಷಿಸಿದ ಮೇಲೆಯೇ ಲಸಿಕೆ ಎಂಬ ವಿವೇಕ ಬೆಳೆಯಿತು. ಈಗಾಗಲೇ ಸೋಂಕಿರುವ ಬೆಕ್ಕಿಗೆ ಲಸಿಕೆಯಿಂದ ಲಾಭವಿಲ್ಲ. ಕಾಡುಬೆಕ್ಕುಗಳಿಗೂ ಫೆಲ್‌ವಿಯ ಅಪಾಯ ಉಂಟು. 2007ರಲ್ಲಿ ಸ್ಪೇನಿನ ದೊನ್ಯಾನಾದಲ್ಲಿ ಅಳಿವಿನಂಚಿನ ಐಬೀರಿಯನ್ ಲಿಂಕ್ಸ್‌ಗಳಿಗೆ ಫೆಲ್‌ವಿ ತಗುಲಿ ಹಲವು ಸತ್ತವು. ಸೋಂಕಿತ ಪ್ರಾಣಿಗಳನ್ನು ಬೇರ್ಪಡಿಸಿ, ಉಳಿದವಕ್ಕೆ ಲಸಿಕೆ ಹಾಕಿ ಅದನ್ನು ತಡೆದರು.

ಕರ್ನಾಟಕದಲ್ಲಿ

ಕರ್ನಾಟಕದ ಪಶುವೈದ್ಯ ಬೆಳೆದದ್ದು ದನ, ಎಮ್ಮೆ, ಕುರಿ, ಕೋಳಿಗಳ ಸುತ್ತ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನ ಸಂಸ್ಥೆಯ ಆರಂಭದ ಗುರಿ ದೊಡ್ಡರೋಗವನ್ನು ತಡೆಯುವುದಾಗಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. 2004ರ ಕಾಯ್ದೆಯಂತೆ ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕಲ್ಯಾಣ ಕರ್ನಾಟಕಕ್ಕೂ ಉನ್ನತ ಕೇಂದ್ರ ದಕ್ಕಿತು. ಬೆಕ್ಕಿಗೆ ಪ್ರತ್ಯೇಕ ಚಿಕಿತ್ಸೆ, ಕಿಟ್ ಪರೀಕ್ಷೆ ಎಂಬುದು ನಗರಗಳ ಖಾಸಗಿ ದವಾಖಾನೆಗಳೊಂದಿಗೆ ಬಂದ ಈಚಿನ ಬೆಳವಣಿಗೆ. ಇಲ್ಲಿ ಬೆಕ್ಕಿಗೆ ಸಾಮಾನ್ಯವಾಗಿ ಹಾಕುವ ‘ಮೂರು ರೋಗದ ಲಸಿಕೆ’ ಪ್ಯಾನ್‌ಲ್ಯುಕೊಪೇನಿಯಾ, ಕ್ಯಾಲಿಸಿ ವೈರಸ್ ಮತ್ತು ಬೆಕ್ಕಿನ ಶೀತದ ಹರ್ಪಿಸ್ ವೈರಸ್ ವಿರುದ್ಧ ಮಾತ್ರ. ಫೆಲ್‌ವಿ ಅದರಲ್ಲಿ ಸೇರಿಲ್ಲ.

ಪ್ಯಾನ್‌ಲ್ಯುಕೊಪೇನಿಯಾವನ್ನು ಫೆಲ್‌ವಿಯೊಂದಿಗೆ ಕಲಸಿಕೊಳ್ಳುವವರು ಹೆಚ್ಚು. ಪ್ಯಾನ್‌ಲ್ಯುಕೊಪೇನಿಯಾ ತರುವುದು ಪಾರ್ವೊವೈರಸ್. ಬಿಳಿ ರಕ್ತಕಣಗಳನ್ನು ದಿಢೀರನೆ ಇಳಿಸಿ, ವಾಂತಿಭೇದಿಯಿಂದ ದಿನಗಳಲ್ಲೇ ಮರಿಗಳನ್ನು ಕೊಲ್ಲುತ್ತದೆ. 2023ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ 7 ಚಿರತೆ ಮರಿಗಳು ಸತ್ತದ್ದು ಇದರಿಂದಲೇ. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯ ಬೆಕ್ಕುಗಳಲ್ಲೂ ಇದೇ ರೋಗ ಹರಡಿದ ವರದಿಗಳು ಬಂದವು. ಫೆಲ್‌ವಿಯದು ತಿಂಗಳು, ವರ್ಷಗಳ ನಿಧಾನದ ದಾರಿ. ಪ್ಯಾನ್‌ಲ್ಯುಕೊಪೇನಿಯಾ ವೈರಸ್ ನೆಲ, ಬಟ್ಟೆ, ಚಪ್ಪಲಿಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಫೆಲ್‌ವಿ ಉಳಿಯುವುದಿಲ್ಲ. ಹೀಗಾಗಿ ಮನೆ ತೊಳೆಯುವ ಕ್ರಮವೂ ಬೇರೆ, ಹೊಸ ಬೆಕ್ಕು ತರಲು ಕಾಯಬೇಕಾದ ಅವಧಿಯೂ ಬೇರೆ.

ಆರ್.ಎಚ್. ಕ್ಯಾಂಪ್‌ನಂಥ ಊರುಗಳಲ್ಲಿ

ಇದೇ ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪ್‌ಗಳು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ನೆಲೆಯಾದ ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ನಾಡಿನಲ್ಲಿ ಇಲಿ ಹಿಡಿಯುವ ಬೆಕ್ಕು ಮನೆಗೂ ಕಣಜಕ್ಕೂ ಬೇಕಾದ ಜೀವ. ಬಂಗಾಳಿ ಸಂಪ್ರದಾಯದಲ್ಲಿ ಮಕ್ಕಳನ್ನು ಕಾಯುವ ಷಷ್ಠೀ ದೇವಿಯ ವಾಹನವೂ ಬೆಕ್ಕೇ. ಮನೆಯಿಂದ ಮನೆಗೆ, ಗದ್ದೆಯಿಂದ ಗದ್ದೆಗೆ ತಿರುಗುವ ಇಂಥ ಬೆಕ್ಕನ್ನು ಒಳಗೆ ಕಟ್ಟಿಹಾಕುವುದು ಕಷ್ಟ. ಪುಸ್ತಕದ ಆರೈಕೆ ಇಲ್ಲಿನ ಬದುಕಿಗೆ ಹೊಂದಬೇಕು.

ಮೊದಲು ನೋಡಬೇಕಾದದ್ದು ವಸಡು. ಬೆಕ್ಕಿನ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೇಲೆತ್ತಿದರೆ ಆರೋಗ್ಯವಿದ್ದಲ್ಲಿ ವಸಡು ಗುಲಾಬಿ. ಬಿಳಿಚಿದ್ದರೆ ರಕ್ತಹೀನತೆ. ಆದರೆ ಬಿಳಿಚಿದ ವಸಡೆಲ್ಲ ಫೆಲ್‌ವಿ ಅಲ್ಲ. ಚಿಗಟೆ ವಿಪರೀತವಾದರೂ, ಕೆಂಪು ರಕ್ತಕಣಕ್ಕೆ ಅಂಟುವ ಮೈಕೊಪ್ಲಾಸ್ಮಾ ಸೋಂಕಾದರೂ ಹೀಗಾಗುತ್ತದೆ. ಇವೆರಡಕ್ಕೂ ಔಷಧ ಇದೆ. ಬ್ರೊಮಾಡಿಯೋಲೋನ್‌ನಂಥ ಇಲಿಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಒಳಗೊಳಗೇ ರಕ್ತ ಸೋರಿಯೂ ವಸಡು ಬಿಳಿಚುತ್ತದೆ. ಬೇಗ ಒಯ್ದರೆ ವಿಟಮಿನ್ ಕೆ1 ಜೀವ ಉಳಿಸುತ್ತದೆ. ಜ್ವರ ಬಂದಿದೆಯೆಂದು ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗೆ ಕೊಡುವುದು ಬೆಕ್ಕಿಗೆ ವಿಷವೇ ಸರಿ. ವಸಡು ಕಂದು, ನೀಲಿ ಬಣ್ಣಕ್ಕೆ ತಿರುಗಿ ಪ್ರಾಣ ಹೋಗಬಹುದು.

ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದ ಬೆಕ್ಕನ್ನು ಎರಡನೇ ಬಾರಿ ಪರೀಕ್ಷಿಸುವವರೆಗೆ ತೀರ್ಪು ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಕಿಟ್‌ಗಳನ್ನು ತಯಾರಕರು ಹೇಳಿದ ತಂಪಿನಲ್ಲೇ ಇಟ್ಟಿರಬೇಕು, ಇಲ್ಲದಿದ್ದರೆ ಫಲಿತಾಂಶ ನಂಬುವಂತಿಲ್ಲ. ಸೋಂಕು ಖಚಿತವಾದ ಬೆಕ್ಕಿಗೆ ಬೇರೆ ಬಟ್ಟಲು, ಬೇರೆ ಮಲಗುವ ಜಾಗ, ಸಾಧ್ಯವಾದಷ್ಟು ಮನೆಯೊಳಗಿನ ವಾಸ ಬೇಕು. ಹಸಿ ಮೀನು, ಹಸಿ ಮಾಂಸ ಕೊಡದೆ ಬೇಯಿಸಿಯೇ ಹಾಕಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅಲೆದಾಟವೂ ಜಗಳವೂ ತಗ್ಗುತ್ತವೆ, ಸೋಂಕಿನೊಂದಿಗೇ ಹುಟ್ಟುವ ಮರಿಗಳೂ ಇರುವುದಿಲ್ಲ. ರೇಬಿಸ್ ಲಸಿಕೆ ತಪ್ಪಿಸಬಾರದು. ಜಂತುಹುಳಕ್ಕೆ ಔಷಧ, ಆರು ತಿಂಗಳಿಗೊಮ್ಮೆ ತೂಕ, ಬಾಯಿ ಮತ್ತು ರಕ್ತದ ತಪಾಸಣೆ ಆಗಬೇಕು. ಬಾಯಿಹುಣ್ಣು, ಜ್ವರ, ಊಟ ಬಿಡುವುದು ಕಂಡರೆ ಮಾರನೆಯ ದಿನಕ್ಕೆ ಮುಂದೂಡಬಾರದು. ಬೇರೆ ಸೋಂಕುಗಳನ್ನು ಬೇಗ ಹಿಡಿದು ಚಿಕಿತ್ಸೆ ಕೊಟ್ಟರೆ ಫೆಲ್‌ವಿ ಬೆಕ್ಕೂ ವರ್ಷಗಳ ಕಾಲ ಚೆನ್ನಾಗಿ ಬಾಳಬಲ್ಲದು. ವೈರಸ್ ತಡೆಯಲು ಎಝಡ್‌ಟಿ, ಇಂಟರ್‌ಫೆರಾನ್ ಒಮೆಗಾ ಬಳಸಿದ್ದುಂಟು, ಲಿಂಫೋಮಾಗೆ ಕೀಮೋಥೆರಪಿಯೂ ಇದೆ. ಆದರೆ ಇವು ದುಬಾರಿ ಮತ್ತು ಫಲ ಸೀಮಿತ.

ನೆರವಿಗೆ ತಾಲೂಕಿನ ಪಶು ಆಸ್ಪತ್ರೆ, ಸಂಚಾರಿ ಪಶುಚಿಕಿತ್ಸಾ ವಾಹನದ 1962 ಸಂಖ್ಯೆ ಇವೆ. ಊರಿನ ಪಶು ಆಸ್ಪತ್ರೆಯ ಫ್ರಿಜ್‌ನಲ್ಲಿ ದನದ ಲಸಿಕೆಯ ಪಕ್ಕ ಬೆಕ್ಕಿನ ಒಂದಷ್ಟು ಕಿಟ್‌ಗಳಿದ್ದರೆ, ವರ್ಷಕ್ಕೊಂದೆರಡು ಸಂತಾನಹರಣ ಶಿಬಿರ ನಡೆದರೆ, ದೊಡ್ಡ ನಗರದ ಬೆಕ್ಕಿಗೆ ಸಿಗುವ ಆರೈಕೆಯ ಬಹುಪಾಲು ಗದ್ದೆ ಬಯಲಿನ ಬೆಕ್ಕಿಗೂ ಸಿಗುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆ ಇಂದು ಪಶುವೈದ್ಯರ ಬಳಿಯೇ ಇದೆ.